ಕುಕೀಗಳನ್ನು ಅಳಿಸುವ ವಿವೇಕ

ಬ್ಯಾಂಕಿನ ಜಾಲತಾಣ ತೆರೆದುಕೊಳ್ಳದೆ ಹೋದಾಗ, ರೈಲಿನ ಟಿಕೆಟ್ಟಿಗೆ ಹಣ ಕಟ್ಟುವ ಪುಟ ನಡುವೆಯೇ ನಿಂತು ಬೆಳ್ಳಗೆ ಉಳಿದಾಗ, ವಿದ್ಯಾರ್ಥಿವೇತನದ ಅರ್ಜಿ ಸ್ವೀಕೃತವಾಗದೆ ಹಿಂದಿರುಗಿದಾಗ, ಸಹಾಯವಾಣಿಯವರಿಂದ ಹಿಡಿದು ಸೈಬರ್ ಸೆಂಟರಿನ ಹುಡುಗನವರೆಗೆ ಎಲ್ಲರೂ ಒಂದೇ ಸ್ವರದಲ್ಲಿ ಹೇಳುವ ಪರಿಹಾರ ಒಂದುಂಟು: ‘ಕುಕೀ, ಕ್ಯಾಶ್ ಎಲ್ಲಾ ಕ್ಲಿಯರ್ ಮಾಡಿ, ಮತ್ತೆ ಲಾಗಿನ್ ಆಗಿ.’ ಈ ಉಪದೇಶ ಅನೇಕ ವೇಳೆ ಫಲಿಸುವುದೂ ದಿಟವೇ. ಆದರೆ ನಾವು ಅಳಿಸಿದುದು ಯಾವುದನ್ನು, ಅದನ್ನು ನಮ್ಮ ಯಂತ್ರದಲ್ಲಿ ತಂದಿರಿಸಿದವರು ಯಾರು, ಯಾರ ಪ್ರಯೋಜನಕ್ಕಾಗಿ ಇರಿಸಿದ್ದರು, ಅಳಿಸಿದುದರಿಂದ ನಮಗೆ ಒದಗಿದ ಲಾಭವೆಷ್ಟು, ನಷ್ಟವೆಷ್ಟು ಎಂಬ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಿಕೊಳ್ಳದೆ ಗುಂಡಿಯನ್ನೊತ್ತಿ ಮುಂದೆ ಸಾಗುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಕುಕೀಗಳನ್ನು ಅಳಿಸುವುದು ಯಂತ್ರದ ರಿಪೇರಿಯ ಒಂದು ವಿಧಾನ ಮಾತ್ರವಲ್ಲ. ಅದು ತನ್ನ ವಿಷಯದಲ್ಲಿ ಅನ್ಯರು ಎಷ್ಟನ್ನು ನೆನಪಿಟ್ಟುಕೊಳ್ಳಬಹುದು ಎಂಬುದನ್ನು ನಿರ್ಣಯಿಸುವ, ಸಾಮಾನ್ಯ ನಾಗರಿಕನ ಕೈಯಲ್ಲಿ ಉಳಿದಿರುವ ಕೆಲವೇ ಅಧಿಕಾರಗಳಲ್ಲಿ ಒಂದು. ಅದನ್ನು ವಿವೇಚನೆಯಿಂದ ಚಲಾಯಿಸುವುದು ಬಳಸುವವನ ಹೊಣೆಯೆಂಬುದನ್ನು ಒಪ್ಪುತ್ತೇನೆ. ಆದರೆ ಆ ಚಲಾವಣೆಯನ್ನು ಸುಗಮವಾಗಿಸುವ ಹೊಣೆ ಸಂಸ್ಥೆಗಳದು, ಸರಕಾರದ್ದು. ಈ ಎರಡನೆಯ ಹೊಣೆ ನೆರವೇರದೆ ಇರುವಾಗ ಮೊದಲನೆಯದನ್ನೇ ಜನರಿಗೆ ಪದೇ ಪದೇ ಬೋಧಿಸುವುದು ನ್ಯಾಯವಲ್ಲವೆಂಬುದು ನನ್ನ ಸ್ಥಿರವಾದ ಅಭಿಪ್ರಾಯ.

ಜಾಲದ ಮೂಲ ರಚನೆಯಲ್ಲಿ ಸ್ಮರಣೆಗೆ ಸ್ಥಾನವಿರಲಿಲ್ಲ. ಬ್ರೌಸರು ಒಂದು ಪುಟವನ್ನು ಕೇಳುತ್ತದೆ. ದೂರದ ಸರ್ವರು ಅದನ್ನು ಕೊಡುತ್ತದೆ. ಕೊಟ್ಟೊಡನೆಯೇ ಕೇಳಿದವರು ಯಾರೆಂಬುದನ್ನು ಮರೆಯುತ್ತದೆ. ಮರುಕ್ಷಣದಲ್ಲಿ ಅದೇ ವ್ಯಕ್ತಿ ಮತ್ತೊಂದು ಪುಟವನ್ನು ಕೇಳಿದರೂ ಆತ ಅದಕ್ಕೆ ಅಪರಿಚಿತನೇ. ಎಚ್‌ಟಿಟಿಪಿ ಎಂಬ ವಿನಿಮಯ ನಿಯಮಾವಳಿಯ ಸ್ವಭಾವವೇ ಅಂಥದು. ಸಂಶೋಧನ ಲೇಖನಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದ ವಿದ್ವಾಂಸರ ಲೋಕಕ್ಕೆ ಈ ವಿಸ್ಮೃತಿಯಿಂದ ಬಾಧಕವೇನೂ ಇರಲಿಲ್ಲ. ವಾಣಿಜ್ಯಕ್ಕೆ ಮಾತ್ರ ಅದು ಒಗ್ಗಲಿಲ್ಲ. ಗ್ರಾಹಕನು ಒಂದು ವಸ್ತುವನ್ನು ಆರಿಸಿ, ಇನ್ನೊಂದನ್ನು ನೋಡಲು ಬೇರೆ ಪುಟಕ್ಕೆ ಹೋದರೆ, ಮೊದಲು ಆರಿಸಿದುದು ಯಾರೆಂಬುದೇ ಅಂಗಡಿಗೆ ತಿಳಿಯುತ್ತಿರಲಿಲ್ಲ. 1994ರಲ್ಲಿ ಕ್ಯಾಲಿಫೋರ್ನಿಯದ ನೆಟ್‌ಸ್ಕೇಪ್ ಸಂಸ್ಥೆಯು ಎಂಸಿಐ ಎಂಬ ದೂರವಾಣಿ ಕಂಪೆನಿಗಾಗಿ ಜಾಲದ ಮೇಲಣ ವ್ಯಾಪಾರ ವ್ಯವಸ್ಥೆಯೊಂದನ್ನು ನಿರ್ಮಿಸಲು ತೊಡಗಿದಾಗ, ಅರ್ಧಕ್ಕೆ ನಿಂತ ವ್ಯವಹಾರಗಳ ವಿವರಗಳನ್ನೆಲ್ಲ ತನ್ನ ಸರ್ವರುಗಳಲ್ಲಿ ಕಾಪಾಡಿಕೊಂಡಿರಲು ಆ ಕಂಪೆನಿಗೆ ಇಷ್ಟವಿರಲಿಲ್ಲ. ಆ ವಿವರವನ್ನು ಗ್ರಾಹಕನ ಕಂಪ್ಯೂಟರಿನಲ್ಲಿಯೇ ಇರಿಸುವ ಉಪಾಯವನ್ನು ಲೂ ಮಾಂಟುಲ್ಲಿ ಎಂಬ ತರುಣ ಎಂಜಿನಿಯರರು ಕಂಡುಕೊಂಡರು. ಸಹೋದ್ಯೋಗಿಯಾದ ಜಾನ್ ಜಿಯಾನಾಂಡ್ರಿಯಾ ಅವರೊಡನೆ ಸೇರಿ ಅದರ ಮೊದಲ ನಿರೂಪಣೆಯನ್ನು ಬರೆದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರಿನ ಪ್ರಾಯೋಗಿಕ ಆವೃತ್ತಿಯಲ್ಲಿಯೇ ಕುಕೀ ಇದ್ದಿತು. ಸಂಸ್ಥೆಯ ಜಾಲತಾಣಕ್ಕೆ ಬಂದವರು ಹಿಂದೆ ಬಂದಿದ್ದವರೋ ಹೊಸಬರೋ ಎಂಬುದನ್ನು ಅರಿಯುವುದೇ ಆಗ ಅದಕ್ಕೆ ವಹಿಸಿದ ಮೊದಲ ಕೆಲಸ.

ದೇವಾಲಯದ ಮುಂದೆ ಪಾದರಕ್ಷೆಗಳನ್ನು ಬಿಟ್ಟಾಗ ಕಾಯುವವನು ಕೊಡುವ ಟೋಕನ್ನಿನಂಥದು ಈ ಕುಕೀ. ನಮ್ಮ ಹೆಸರು, ಊರು ಅವನಿಗೆ ಬೇಕಿಲ್ಲ; ಟೋಕನ್ನಿನ ಅಂಕಿಯನ್ನು ತೋರಿಸಿದರೆ ನಮ್ಮ ಪಾದರಕ್ಷೆಗಳು ನಮಗೆ ದೊರೆಯುತ್ತವೆ. ಹಾಗೆಯೇ ಜಾಲತಾಣವು ನಮ್ಮ ಬ್ರೌಸರಿನ ಕೈಗೆ ಒಂದು ಸಣ್ಣ ಪಠ್ಯವನ್ನು, ಬಹುವಾಗಿ ಅಂಕಿ ಅಕ್ಷರಗಳ ಒಂದು ದೀರ್ಘ ಸರಣಿಯನ್ನು, ಕೊಟ್ಟು ಕಳುಹಿಸುತ್ತದೆ; ಬ್ರೌಸರು ಆ ತಾಣಕ್ಕೆ ಮರಳಿ ಹೋದಾಗಲೆಲ್ಲ ಅದನ್ನು ತೋರಿಸುತ್ತದೆ. ಇ-ಮೇಲಿಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟ ಬಳಿಕ ಪ್ರತಿ ಪತ್ರಕ್ಕೂ ಅದನ್ನು ಮತ್ತೆ ಕೊಡಬೇಕಾಗಿ ಬಾರದಿರುವುದು ಇದರಿಂದಲೇ. ಕನ್ನಡವನ್ನು ಆರಿಸಿಕೊಂಡ ಓದುಗನಿಗೆ ಮರುದಿನವೂ ಪುಟ ಕನ್ನಡದಲ್ಲಿಯೇ ತೆರೆಯುವುದು ಇದರಿಂದಲೇ. ಬ್ರೌಸರನ್ನು ಮುಚ್ಚಿದೊಡನೆ ಅಳಿಯುವ ಕುಕೀಗಳೂ ಉಂಟು, ತಿಂಗಳುಗಟ್ಟಲೆ ಬಾಳುವವೂ ಉಂಟು. ಕ್ರೋಮ್ ಬ್ರೌಸರು 2022ರಿಂದೀಚೆಗೆ ಯಾವ ಕುಕೀಗೂ 400 ದಿನಗಳಿಗಿಂತ ಹೆಚ್ಚಿನ ಆಯುಸ್ಸನ್ನು ಕೊಡುವುದಿಲ್ಲ. ಇಷ್ಟರಮಟ್ಟಿಗೆ ಇದರಲ್ಲಿ ಆಕ್ಷೇಪಾರ್ಹವಾದುದು ಏನೂ ಇಲ್ಲ. ಇನ್ನೂ ಒಂದು ಮಾತನ್ನು ಹೇಳದಿದ್ದರೆ ಮಾಂಟುಲ್ಲಿಯವರಿಗೆ ಅನ್ಯಾಯವಾದೀತು. ಪ್ರತಿಯೊಂದು ಬ್ರೌಸರಿಗೂ ಒಂದು ಶಾಶ್ವತವಾದ ಅಂಕಿಯನ್ನು ಕೊಟ್ಟು, ಎಲ್ಲ ತಾಣಗಳಿಗೂ ಅದನ್ನೇ ತೋರಿಸುವಂತೆ ಮಾಡುವುದು ಅವರಿಗೆ ಸುಲಭವಾಗಿತ್ತು. ಹಾಗೆ ಮಾಡಿದರೆ ಮನುಷ್ಯನನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸುವುದು ಸಾಧ್ಯವಾಗುತ್ತದೆಂಬ ಆತಂಕದಿಂದಲೇ ಅದನ್ನು ಬಿಟ್ಟು, ಒಂದು ತಾಣ ಕೊಟ್ಟ ಟೋಕನನ್ನು ಆ ತಾಣ ಮಾತ್ರವೇ ನೋಡಬಲ್ಲ ವ್ಯವಸ್ಥೆಯನ್ನು ಅವರು ಆರಿಸಿಕೊಂಡರು.

ಆ ಎಚ್ಚರಿಕೆಯ ಬೇಲಿಯಲ್ಲಿಯೂ ಒಂದು ಕಿಂಡಿ ಉಳಿಯಿತು. ನಾವು ನೋಡುವ ಪುಟವೊಂದು ಒಂದೇ ಸ್ಥಳದಿಂದ ಬರುವುದಲ್ಲ. ಸುದ್ದಿ ಒಂದು ಸರ್ವರಿನಿಂದ ಬಂದರೆ, ಅದರ ಮಗ್ಗುಲಿನ ಜಾಹೀರಾತು ಮತ್ತೊಂದರಿಂದ, ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರ ಮೂರನೆಯದರಿಂದ ಬಂದಿರುತ್ತದೆ. ಹೀಗೆ ಬಂದವರೆಲ್ಲರೂ ತಮ್ಮ ತಮ್ಮ ಕುಕೀಗಳನ್ನು ನಮ್ಮ ಯಂತ್ರದಲ್ಲಿ ಇರಿಸಿ ಹೋಗಬಲ್ಲರು. ಒಬ್ಬನೇ ಜಾಹೀರಾತುಗಾರ ಸಾವಿರಾರು ತಾಣಗಳಲ್ಲಿ ಬಾಡಿಗೆಗೆ ಜಾಗ ಹಿಡಿದಿದ್ದರೆ, ಊರಿನ ಎಲ್ಲ ದೇವಾಲಯಗಳ ಮುಂದೆಯೂ ಅದೇ ಕಾವಲುಗಾರನೇ ಕುಳಿತಿದ್ದು, ಅದೇ ಟೋಕನನ್ನು ನೋಡಿ ನಾವು ಎಲ್ಲೆಲ್ಲಿಗೆ ಯಾವ ಹೊತ್ತಿನಲ್ಲಿ ಹೋದೆವೆಂಬುದನ್ನು ಬರೆದಿಟ್ಟುಕೊಂಡಂತಾಗುತ್ತದೆ. ಬೆಳಗ್ಗೆ ಓದಿದ ಸುದ್ದಿ, ಮಧ್ಯಾಹ್ನ ವಿಚಾರಿಸಿದ ವೈದ್ಯಕೀಯ ಪರೀಕ್ಷೆಯ ದರ, ರಾತ್ರಿ ಮಗಳ ಮದುವೆಗೆಂದು ಹುಡುಕಿದ ಸಾಲದ ಬಡ್ಡಿ, ಇವೆಲ್ಲವೂ ಒಂದೇ ಕಡತದಲ್ಲಿ ಸೇರಿಹೋಗುತ್ತವೆ. ಮೂರನೆಯವರ ಈ ಕುಕೀಗಳನ್ನೇ ‘ಥರ್ಡ್ ಪಾರ್ಟಿ ಕುಕೀ’ ಎನ್ನುತ್ತಾರೆ. ಕುಕೀಯ ವಿಷಯದಲ್ಲಿ ಜನ ಪಡುವ ಭಯದಲ್ಲಿ ಯುಕ್ತವಾದ ಅಂಶವೆಲ್ಲ ಇದರ ಸಂಬಂಧವಾದುದೇ.

ತಜ್ಞರು ಇದನ್ನು ತಡವಾಗಿ ಗುರುತಿಸಿದರೆಂದು ಹೇಳುವಂತಿಲ್ಲ. 1996ರ ಫೆಬ್ರವರಿಯಲ್ಲಿ ಲಂಡನ್ನಿನ ‘ಫೈನಾನ್ಷಿಯಲ್ ಟೈಮ್ಸ್’ ಪತ್ರಿಕೆ ಕುಕೀಗಳ ವಿಷಯವನ್ನು ಪ್ರಕಟಿಸಿದಾಗ ಸಾರ್ವಜನಿಕರು ಮೊದಲ ಬಾರಿಗೆ ಬೆಚ್ಚಿದರು. 1997ರ ಫೆಬ್ರವರಿಯಲ್ಲಿ, ಡೇವಿಡ್ ಕ್ರಿಸ್ಟಲ್ ಅವರೂ ಮಾಂಟುಲ್ಲಿಯವರೂ ಬರೆದ ಆರ್‌ಎಫ್‌ಸಿ 2109 ಎಂಬ ತಾಂತ್ರಿಕ ಮಾನದಂಡವು, ಮೂರನೆಯವರ ಕುಕೀಗಳನ್ನು ಬ್ರೌಸರುಗಳು ತಾವಾಗಿಯೇ ಸ್ವೀಕರಿಸಕೂಡದೆಂದು ಸ್ಪಷ್ಟವಾಗಿ ವಿಧಿಸಿತು. ಆ ಕಾಲದ ಪ್ರಮುಖ ಬ್ರೌಸರುಗಳಾದ ನೆಟ್‌ಸ್ಕೇಪ್ ಆಗಲಿ, ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಆಗಲಿ ಅದನ್ನು ಪಾಲಿಸಲಿಲ್ಲ. ಅಷ್ಟರಲ್ಲಿ ಜಾಹೀರಾತಿನ ವ್ಯಾಪಾರ ಈ ಕಿಂಡಿಯ ಮೇಲೆಯೇ ಬೇರೂರತೊಡಗಿತ್ತು. ಆ ವ್ಯಾಪಾರದಲ್ಲಿ ಅಗ್ರಗಣ್ಯವಾದ ಡಬಲ್‌ಕ್ಲಿಕ್ ಎಂಬ ಕಂಪೆನಿಯನ್ನು ಗೂಗಲ್ 3.1 ಬಿಲಿಯನ್ ಡಾಲರುಗಳಿಗೆ ಕೊಳ್ಳುವುದಾಗಿ 2007ರಲ್ಲಿ ಪ್ರಕಟಿಸಿ, ಮರುವರ್ಷ ಆ ಖರೀದಿಯನ್ನು ಪೂರೈಸಿತು. ಮೂಲತಃ ಒಂದು ಸಣ್ಣ ಅಸಾವಧಾನವಾಗಿದ್ದುದು ಹೀಗೆ ಒಂದು ಮಹಾ ಉದ್ಯಮದ ಅಸ್ತಿಭಾರವಾಯಿತು.

ಈಗ ಅಳಿಸುವ ವಿಚಾರಕ್ಕೆ ಬರೋಣ. ಎಲ್ಲ ಕುಕೀಗಳನ್ನೂ ಒಮ್ಮೆಗೇ ಅಳಿಸಿದವನಿಗೆ ಏನು ಒದಗುತ್ತದೆ? ಅವನ ಯಂತ್ರದಲ್ಲಿದ್ದ ಟೋಕನುಗಳು ಹೋಗುತ್ತವೆ. ಅವನ ವಿಷಯವಾಗಿ ದೂರದ ಸರ್ವರುಗಳಲ್ಲಿ ಬರೆದಿಟ್ಟ ಕಡತಗಳು ಹೋಗುವುದಿಲ್ಲ. ಹಳೆಯ ಟೋಕನು ಇಲ್ಲವಾದುದರಿಂದ ಆ ಕಡತಕ್ಕೂ ಅವನಿಗೂ ಇದ್ದ ಒಂದು ಕೊಂಡಿ ಕಳಚುತ್ತದೆಯೆಂಬುದು ನಿಜ. ಆದರೆ ಅದೇ ಬ್ರೌಸರಿನಿಂದ ಅವನು ಮರುಗಳಿಗೆಯೇ ತನ್ನ ಗೂಗಲ್ ಅಥವಾ ಫೇಸ್‌ಬುಕ್ ಖಾತೆಗೆ ಪ್ರವೇಶಿಸಿದನೆಂದರೆ ಆ ಸಂಸ್ಥೆಗಳ ಪಾಲಿಗೆ ಕೊಂಡಿ ಮತ್ತೆ ಕೂಡಿಕೊಳ್ಳುತ್ತದೆ. ಖಾತೆಯಲ್ಲಿ ಸಂಗ್ರಹವಾದ ಇತಿಹಾಸವನ್ನು ಅಳಿಸಬೇಕಾದರೆ ಖಾತೆಯೊಳಕ್ಕೆ ಹೋಗಿಯೇ ಅಳಿಸಬೇಕು. ಗೂಗಲ್ ಖಾತೆಯಲ್ಲಿ ಇಂಥ ದಾಖಲೆಗಳು 3, 18 ಅಥವಾ 36 ತಿಂಗಳಿಗೆ ತಾವಾಗಿಯೇ ಅಳಿಯುವಂತೆ ಗೊತ್ತುಪಡಿಸುವ ಅವಕಾಶವುಂಟು, ಅದನ್ನು ಬಲ್ಲವರು ವಿರಳ. ಕುಕೀಯನ್ನೇ ಅವಲಂಬಿಸದ ಗುರುತಿಸುವಿಕೆಯೂ ಬೆಳೆದುಬಂದಿದೆ. ಬ್ರೌಸರಿನ ಆವೃತ್ತಿ, ಪರದೆಯ ಅಳತೆ, ಅದರಲ್ಲಿರುವ ಅಕ್ಷರಶೈಲಿಗಳು, ಕಾಲವಲಯ ಇವುಗಳ ಸಂಯೋಗದಿಂದಲೇ ಒಂದು ಯಂತ್ರವನ್ನು ಬೇರೆ ಯಂತ್ರಗಳಿಂದ ಬೇರ್ಪಡಿಸಿ ಗುರುತಿಸಬಹುದೆಂಬುದನ್ನು ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ 2010ರಲ್ಲಿ ಪ್ರಯೋಗದಿಂದ ತೋರಿಸಿತು. ಅದರ ಪರೀಕ್ಷೆಗೆ ಒಳಪಟ್ಟ ಬ್ರೌಸರುಗಳಲ್ಲಿ ಶೇಕಡಾ 83.6ರಷ್ಟು ಒಂದರಂತೆ ಇನ್ನೊಂದಿರಲಿಲ್ಲ. ಆದಕಾರಣ ಕುಕೀ ಅಳಿಸಿದೆನೆಂದು ಅಜ್ಞಾತನಾದೆನೆಂದು ಭಾವಿಸುವುದು ಸರಿಯಲ್ಲ.

ನಷ್ಟದ ಕಡೆಯನ್ನೂ ನೋಡಬೇಕು. ಪ್ರವೇಶಿಸಿದ್ದ ತಾಣಗಳಿಂದೆಲ್ಲ ನಾವು ಹೊರಬೀಳುತ್ತೇವೆ. ಪಾಸ್‌ವರ್ಡ್ ನೆನಪಿಲ್ಲದ ಹಿರಿಯರ ಪಾಲಿಗೆ ಅದು ಸಣ್ಣ ತೊಂದರೆಯಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವಿದೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ‘ನನ್ನನ್ನು ಹಿಂಬಾಲಿಸಬೇಡಿ’ ಎಂದು ಒಂದು ತಾಣಕ್ಕೆ ನಾವು ಕೊಟ್ಟ ಉತ್ತರವನ್ನು ಆ ತಾಣ ನೆನಪಿಟ್ಟುಕೊಳ್ಳುವುದು ಸಾಮಾನ್ಯವಾಗಿ ಒಂದು ಕುಕೀಯಲ್ಲಿಯೇ. ಎಲ್ಲವನ್ನೂ ಅಳಿಸಿದಾಗ ನಮ್ಮ ನಿರಾಕರಣೆಯೂ ಅಳಿದುಹೋಗುತ್ತದೆ. ತಾಣ ಮತ್ತೆ ಹೊಸಬರಂತೆ ನಮ್ಮನ್ನು ಪ್ರಶ್ನಿಸುತ್ತದೆ. ನಿತ್ಯವೂ ಹತ್ತಾರು ತಾಣಗಳಿಗೆ ಅದೇ ಉತ್ತರವನ್ನು ಕೊಟ್ಟು ಬೇಸತ್ತವನು ಕಡೆಗೊಂದು ದಿನ ಎದುರಿಗೆ ದೊಡ್ಡದಾಗಿ ಹೊಳೆಯುವ ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಒತ್ತಿಬಿಡುತ್ತಾನೆ. ಅಮೆರಿಕದ ಜಾಹೀರಾತು ಕಂಪೆನಿಗಳ ಒಕ್ಕೂಟವೊಂದು ತನ್ನ ಜಾಲದಿಂದ ಹೊರಗುಳಿಯಬಯಸುವವರಿಗಾಗಿ ಏರ್ಪಡಿಸಿದ್ದ ಕ್ರಮವೂ ಕುಕೀಯ ಮೇಲೆಯೇ ನಿಂತಿದ್ದಿತು. ಗೌಪ್ಯಕ್ಕಾಗಿ ಶ್ರದ್ಧೆಯಿಂದ ಕುಕೀಗಳನ್ನು ಅಳಿಸುತ್ತಿದ್ದವರೇ ಆ ರಕ್ಷಣೆಯನ್ನು ಪದೇ ಪದೇ ಕಳೆದುಕೊಳ್ಳುತ್ತಿದ್ದರು. ಎಚ್ಚರಿಕೆಯುಳ್ಳವನಿಗೇ ದಂಡ ಬೀಳುವ ಇಂಥ ವ್ಯವಸ್ಥೆ ಅನ್ಯಾಯವಾದುದು.

ಹಾಗಾದರೆ ಮಾಡತಕ್ಕದ್ದೇನು? ತನ್ನದೇ ಆದ, ಬೇರೆಯವರು ಮುಟ್ಟದ ಯಂತ್ರದಲ್ಲಿ, ವಾರವಾರವೂ ಎಲ್ಲವನ್ನೂ ಅಳಿಸುವುದಕ್ಕಿಂತ, ಮೂರನೆಯವರ ಕುಕೀಗಳು ಒಳಬರದಂತೆ ಒಮ್ಮೆ ಬಾಗಿಲಿಕ್ಕುವುದು ಶ್ರೇಯಸ್ಕರ. ಆಪಲ್ ಕಂಪೆನಿಯ ಸಫಾರಿ ಬ್ರೌಸರು 2020ರ ಮಾರ್ಚಿನಿಂದ ಅವುಗಳನ್ನು ಸಂಪೂರ್ಣವಾಗಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿಯೊಂದು ತಾಣದ ಕುಕೀಗಳನ್ನೂ ಬೇರೆ ಬೇರೆಯಾಗಿ ಕೂಡಿಟ್ಟು, ಒಂದರ ಮಾಹಿತಿ ಇನ್ನೊಂದಕ್ಕೆ ದಾಟದಂತೆ ಮಾಡಿದೆ. ನಮ್ಮ ದೇಶದಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಲ್ಲಿರುವ ಕ್ರೋಮ್ ಮಾತ್ರ ಹೀಗಲ್ಲ. ಎರಡು ವರ್ಷಗಳೊಳಗೆ ಮೂರನೆಯವರ ಕುಕೀಗಳನ್ನು ನಿಲ್ಲಿಸುವುದಾಗಿ 2020ರ ಜನವರಿಯಲ್ಲಿ ಗೂಗಲ್ ಮಾತು ಕೊಟ್ಟಿತು. ಆ ಗಡುವನ್ನು ಮೇಲಿಂದ ಮೇಲೆ ಮುಂದೂಡಿತು. 2024ರ ಜುಲೈಯಲ್ಲಿ ಆ ಸಂಕಲ್ಪವನ್ನೇ ಬಿಟ್ಟಿತು. 2025ರ ಏಪ್ರಿಲಿನಲ್ಲಿ, ಬಳಕೆದಾರರನ್ನು ಈ ಬಗ್ಗೆ ಪ್ರತ್ಯೇಕವಾಗಿ ಕೇಳುವ ಯೋಚನೆಯೂ ಇಲ್ಲವೆಂದು ತಿಳಿಸಿತು. ಜಾಹೀರಾತಿನಿಂದ ಬಾಳುವ ಸಂಸ್ಥೆಯೇ ಬ್ರೌಸರಿನ ಒಡೆತನವನ್ನೂ ಹೊಂದಿರುವಾಗ ಇದಕ್ಕಿಂತ ಬೇರೆಯದನ್ನು ನಿರೀಕ್ಷಿಸುವುದು ಕಷ್ಟ. ತಡೆಯುವ ಅವಕಾಶವನ್ನು ಮಾತ್ರ ಅದು ಕಸಿದುಕೊಂಡಿಲ್ಲ: ಸೆಟ್ಟಿಂಗ್ಸ್‌ನಲ್ಲಿ ಗೌಪ್ಯತೆ ಮತ್ತು ಭದ್ರತೆಯ ವಿಭಾಗಕ್ಕೆ ಹೋದರೆ ಥರ್ಡ್ ಪಾರ್ಟಿ ಕುಕೀಗಳ ಪ್ರಸ್ತಾಪವಿದೆ; ಅಲ್ಲಿ ತಡೆಯನ್ನು ಆರಿಸಿಕೊಂಡರೆ ಆಯಿತು. ಅಪರೂಪಕ್ಕೊಮ್ಮೆ ಯಾವುದಾದರೂ ತಾಣ ಇದರಿಂದ ಸರಿಯಾಗಿ ನಡೆಯದೆ ಹೋದರೆ ಅದೊಂದಕ್ಕೆ ವಿನಾಯಿತಿ ಕೊಡಬಹುದು. ಈ ಒಂದು ಕೆಲಸ ನೂರು ಸಾರಿ ಅಳಿಸಿದ್ದಕ್ಕಿಂತ ಮೇಲು.

ಅಳಿಸಲೇಬೇಕಾದ ಸಂದರ್ಭಗಳು ಇಲ್ಲದಿಲ್ಲ. ತಾಣವೊಂದು ಹಾಳಾದ ಕುಕೀಯ ದೆಸೆಯಿಂದ ಕೆಲಸ ಮಾಡದೆ ಹೋದಾಗ, ಎಲ್ಲವನ್ನೂ ಬಲಿಕೊಡುವ ಅವಶ್ಯಕತೆಯಿಲ್ಲ. ವಿಳಾಸದ ಪಟ್ಟಿಯ ಎಡಕ್ಕಿರುವ ಚಿಹ್ನೆಯನ್ನು ಒತ್ತಿ ಆ ತಾಣದ ಕುಕೀಗಳನ್ನಷ್ಟೇ ತೆಗೆಯಬಹುದು. ಸಹಾಯವಾಣಿಯವರು ಇದನ್ನು ಹೇಳಿಕೊಟ್ಟಿದ್ದರೆ ಎಷ್ಟೋ ಜನರ ಎಷ್ಟೋ ಹೊತ್ತು ಉಳಿಯುತ್ತಿತ್ತು. ಸಮಗ್ರವಾಗಿ ಅಳಿಸಬೇಕಾದರೆ, ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಕೂಡಿಸಿ ಒತ್ತಿದರೆ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳಲ್ಲಿ ಅದಕ್ಕೆ ಸಂಬಂಧಿಸಿದ ಪಟ ತೆರೆಯುತ್ತದೆ. ಆಂಡ್ರಾಯ್ಡ್ ಮೊಬೈಲಿನ ಕ್ರೋಮಿನಲ್ಲಿ ಮೂಲೆಯ ಮೂರು ಚುಕ್ಕೆಗಳ ಒಳಗೆ ಅದು ದೊರೆಯುತ್ತದೆ. ಐಫೋನಿನಲ್ಲಿ ಸಫಾರಿಗಾಗಿ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಬಹುದು. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಎಷ್ಟು ಕಾಲದ ದಾಖಲೆಗಳನ್ನು ಅಳಿಸಬೇಕೆಂಬ ಅವಧಿ ಕೆಲವು ವೇಳೆ ಕೆಲವು ನಿಮಿಷಗಳಿಗೋ ಒಂದು ಗಂಟೆಗೋ ನಿಗದಿಯಾಗಿರುತ್ತದೆ. ಅದನ್ನು ಬದಲಾಯಿಸದೆ ಒತ್ತಿದವನು ಎಲ್ಲವನ್ನೂ ಅಳಿಸಿದೆನೆಂಬ ಭ್ರಾಂತಿಯಲ್ಲಿ ಉಳಿಯುತ್ತಾನೆ. ಮತ್ತೊಂದು, ಉಳಿಸಿಟ್ಟ ಪಾಸ್‌ವರ್ಡುಗಳು ಕುಕೀಗಳಲ್ಲ. ಅದೇ ಪಟ್ಟಿಯಲ್ಲಿ ಅವುಗಳಿಗೂ ಒಂದು ಚೌಕವಿದ್ದರೆ ಅದರಲ್ಲಿ ಗುರುತು ಬೀಳದಂತೆ ನೋಡಿಕೊಳ್ಳಬೇಕು.

ಮೊಬೈಲಿನಲ್ಲಿ ಸಮಸ್ಯೆ ಇನ್ನಷ್ಟು ಜಟಿಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳೊಳಗೆ ಒಂದು ಕೊಂಡಿಯನ್ನು ಒತ್ತಿದಾಗ ತೆರೆಯುವ ಪುಟ ಬಹಳ ವೇಳೆ ಕ್ರೋಮಿನಲ್ಲಿ ತೆರೆಯುವುದಿಲ್ಲ. ಆ ಆ್ಯಪಿನ ಹೊಟ್ಟೆಯಲ್ಲಿಯೇ ಇರುವ ಒಂದು ಮರಿ ಬ್ರೌಸರಿನಲ್ಲಿ ತೆರೆಯುತ್ತದೆ. ಅದರ ಕುಕೀಗಳ ಸಂಚಿಯೇ ಬೇರೆ. ಕ್ರೋಮಿನಲ್ಲಿ ಎಷ್ಟು ಅಳಿಸಿದರೂ ಅವು ಇದ್ದಲ್ಲಿಯೇ ಇರುತ್ತವೆ. ಇದರ ಮೇಲೆ ಆ್ಯಪುಗಳು ಬ್ರೌಸರಿನ ಕುಕೀಯನ್ನೇ ನೆಚ್ಚಿಕೊಂಡಿಲ್ಲ. ಫೋನಿಗೆ ಜಾಹೀರಾತಿಗಾಗಿಯೇ ಕೊಟ್ಟ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆಂಡ್ರಾಯ್ಡಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತುಗಳ ವಿಭಾಗಕ್ಕೆ ಹೋಗಿ ಅದನ್ನು ಅಳಿಸಬಹುದು. ಐಫೋನಿನಲ್ಲಿ 2021ರಿಂದೀಚೆಗೆ ಆ್ಯಪು ಹೀಗೆ ಹಿಂಬಾಲಿಸುವ ಮುನ್ನ ಅನುಮತಿ ಕೇಳಲೇಬೇಕು. ಕೇಳಿಯೇ ಪಡೆಯಬೇಕೆಂಬುದು ಒಂದೆಡೆ, ಹುಡುಕಿ ಹೋಗಿ ನಿಲ್ಲಿಸಬೇಕೆಂಬುದು ಇನ್ನೊಂದೆಡೆ. ದುಬಾರಿಯ ಫೋನನ್ನು ಕೊಂಡವನಿಗೆ ತಾನಾಗಿ ಸಿಕ್ಕುವ ರಕ್ಷಣೆಯನ್ನು ಕಡಿಮೆ ಬೆಲೆಯ ಫೋನಿನ ರೈತ ಹುಡುಕಿಕೊಂಡು ಹೋಗಬೇಕಾಗಿರುವುದನ್ನು ನಮ್ಮ ನೀತಿಕಾರರು ಗಮನಿಸತಕ್ಕದ್ದು.

ಅನುಮತಿಯ ಮಾತು ಬಂದುದರಿಂದ ಕಾನೂನಿನ ವಿಚಾರವನ್ನು ಹೇಳಬೇಕಾಗಿದೆ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ‘ಪ್ಲಾನೆಟ್49’ ಮೊಕದ್ದಮೆಯಲ್ಲಿ, ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರನ ಸಮ್ಮತಿಯೆಂದು ಪರಿಗಣಿಸಲಾಗದೆಂದು ತೀರ್ಪು ಕೊಟ್ಟಿತು. ಫ್ರಾನ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರವು, ಕುಕೀಗಳನ್ನು ಒಪ್ಪುವುದಕ್ಕೆ ಒಂದೇ ಗುಂಡಿ, ನಿರಾಕರಿಸುವುದಕ್ಕೆ ಹಲವು ಎಂಬ ಏರ್ಪಾಡಿಗಾಗಿ ಗೂಗಲ್‌ಗೆ 150 ಮಿಲಿಯನ್ ಯೂರೋ, ಫೇಸ್‌ಬುಕ್‌ಗೆ 60 ಮಿಲಿಯನ್ ಯೂರೋ ದಂಡ ವಿಧಿಸಿರುವುದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ಒಪ್ಪಿಗೆಯಷ್ಟೇ ಸುಲಭವಾಗಿ ನಿರಾಕರಣೆಯೂ ಇರಬೇಕೆಂಬ ಈ ತತ್ತ್ವ ನನಗೆ ನಿರ್ವಿವಾದವಾಗಿ ತೋರುತ್ತದೆ.

ನಮ್ಮ ದೇಶದಲ್ಲಿ ಈ ಹಾದಿಯನ್ನು ತೆರೆದವರು ಕರ್ನಾಟಕದವರೇ ಎಂಬುದು ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ವ್ಯಾಜ್ಯದಲ್ಲಿಯೇ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಆ ಹಿರಿಯರ ಹೆಸರು ಈ ಹಕ್ಕಿನೊಡನೆ ಸ್ಥಿರವಾಗಿ ಸೇರಿಹೋಗಿದೆ. ಆ ತೀರ್ಪಿನ ಹಿನ್ನೆಲೆಯಲ್ಲಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಕುಕೀಯ ಹೆಸರನ್ನೆತ್ತದಿದ್ದರೂ, ವ್ಯಕ್ತಿಯನ್ನು ಗುರುತಿಸಬಲ್ಲ ಯಾವ ಮಾಹಿತಿಗಾದರೂ ಅನ್ವಯಿಸುವಂತೆ ರಚಿತವಾಗಿದೆ. ಸಮ್ಮತಿ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟುದಾಗಿರಬೇಕು, ನಿರುಪಾಧಿಕವಾಗಿರಬೇಕು ಎನ್ನುತ್ತದೆ. ಕೊಟ್ಟ ಸಮ್ಮತಿಯನ್ನು ಹಿಂದೆಗೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕೆನ್ನುತ್ತದೆ. ಹದಿನೆಂಟು ತುಂಬದ ಮಕ್ಕಳನ್ನು ಹಿಂಬಾಲಿಸುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ.

ಅದೇ ಅಧಿನಿಯಮದಲ್ಲಿ ಇನ್ನೊಂದು ವಿಧಿಯುಂಟು; ಅದರ ಮಹತ್ವವನ್ನು ನಾವು ಇನ್ನೂ ಸಾಕಷ್ಟು ಅರಿತಂತಿಲ್ಲ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿಯಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿಯಾಗಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಲೇಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಈಗ ಕನ್ನಡದ ಸುದ್ದಿಯನ್ನು ಕನ್ನಡದಲ್ಲಿ ಓದಲು ಹೋದವನಿಗೂ ಕುಕೀಯ ಸೂಚನೆ ಎದುರಾಗುವುದು ಇಂಗ್ಲಿಷಿನಲ್ಲಿಯೇ. ಅರ್ಥವಾಗದ ಭಾಷೆಯಲ್ಲಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆನ್ನುವುದು ಯಾವ ನ್ಯಾಯ? ಈ ಅಧಿನಿಯಮದ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಸಂಸ್ಥೆಗಳ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಹದಿನೆಂಟು ತಿಂಗಳುಗಳ ಕಾಲಾವಕಾಶವಿದೆ. ಕನ್ನಡದ ಪತ್ರಿಕೆಗಳ ತಾಣಗಳು, ಕನ್ನಡಿಗರೊಡನೆ ವ್ಯವಹರಿಸುವ ಬ್ಯಾಂಕುಗಳು, ವಿಶ್ವವಿದ್ಯಾನಿಲಯಗಳು ಆ ದಿನದವರೆಗೂ ಕಾಯಬೇಕಾಗಿಲ್ಲ. ನಾಲ್ಕು ಸ್ಪಷ್ಟವಾದ ಕನ್ನಡ ವಾಕ್ಯಗಳು, ಒಪ್ಪಿಗೆಗೆ ಒಂದು ಗುಂಡಿ, ಅಷ್ಟೇ ದೊಡ್ಡದಾದ ಇನ್ನೊಂದು ನಿರಾಕರಣೆಗೆ. ಇದಕ್ಕಿಂತ ಹೆಚ್ಚಿನದನ್ನೇನೂ ಓದುಗ ಕೇಳುತ್ತಿಲ್ಲ.

ಇದುವರೆಗೆ ಆಡಿದ ಮಾತು ಸ್ವಂತ ಯಂತ್ರವುಳ್ಳವರಿಗೆ ಸಂಬಂಧಿಸಿದುದು. ನಮ್ಮ ನಾಡಿನಲ್ಲಿ ಬಹು ಮಂದಿಯ ಮುಖ್ಯವಾದ ಸರಕಾರಿ ವ್ಯವಹಾರಗಳು ನಡೆಯುವುದು ಅನ್ಯರ ಯಂತ್ರದಲ್ಲಿ. ಪಹಣಿಗಾಗಿ, ಪಡಿತರ ಚೀಟಿಗಾಗಿ, ಜಾತಿ ಆದಾಯ ಪ್ರಮಾಣಪತ್ರಕ್ಕಾಗಿ, ಮಗನ ಪ್ರವೇಶ ಪರೀಕ್ಷೆಯ ಅರ್ಜಿಗಾಗಿ ಹಳ್ಳಿಯ ತಾಯಿ ತಂದೆಯರು ಗ್ರಾಮ ಒನ್ ಕೇಂದ್ರಕ್ಕೋ ಪೇಟೆಯ ಸೈಬರ್ ಸೆಂಟರಿಗೋ ಹೋಗುತ್ತಾರೆ. ಅಲ್ಲಿ ಓಟಿಪಿ ಹೇಳಿ, ಇ-ಮೇಲ್ ತೆರೆಸಿ, ಡಿಜಿಲಾಕರಿಗೆ ಪ್ರವೇಶಿಸಿ, ಕೆಲಸ ಮುಗಿದೊಡನೆ ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾರೆ. ಪುಟವನ್ನು ಮುಚ್ಚಿದ ಮಾತ್ರಕ್ಕೆ ಖಾತೆಯಿಂದ ಹೊರಬಂದಂತಾಗುವುದಿಲ್ಲ. ಪ್ರವೇಶದ ಕುಕೀ ಆ ಯಂತ್ರದಲ್ಲಿ ಉಳಿದಿದ್ದರೆ, ಮುಂದೆ ಬಂದು ಕೂತವನು ಪಾಸ್‌ವರ್ಡಿನ ಹಂಗಿಲ್ಲದೆಯೇ ಅದೇ ಇ-ಮೇಲನ್ನು ತೆರೆಯಬಲ್ಲ. ಒಬ್ಬನ ಇ-ಮೇಲ್ ಕೈಗೆ ಸಿಕ್ಕಿದರೆ ಅವನ ಇತರ ಖಾತೆಗಳ ಪಾಸ್‌ವರ್ಡುಗಳನ್ನು ಬದಲಿಸುವುದು ಕಷ್ಟವಲ್ಲ. ಸಮಗ್ರವಾಗಿ ಅಳಿಸುವುದು ಎಲ್ಲಿಯಾದರೂ ಅನಿವಾರ್ಯವಾದ ಕರ್ತವ್ಯವಾಗಿದ್ದರೆ ಅದು ಇಲ್ಲಿ. ಅದನ್ನು ಜಾಹೀರಾತಿನ ಗೊಡವೆಯನ್ನೂ ಅರಿಯದ ಬಡ ಅರ್ಜಿದಾರನ ತಲೆಗೆ ಕಟ್ಟುವುದು ಕ್ರೌರ್ಯ.

ಉಪಾಯವೋ ತೀರ ಸರಳವಾದುದು. ಎಲ್ಲ ಕಿಟಕಿಗಳನ್ನೂ ಮುಚ್ಚಿದೊಡನೆ ಕುಕೀಗಳು ತಾವಾಗಿಯೇ ಅಳಿಯುವಂತೆ ಗೊತ್ತುಪಡಿಸುವ ವ್ಯವಸ್ಥೆ ಕ್ರೋಮಿನಲ್ಲಿಯೂ ಉಂಟು, ಫೈರ್‌ಫಾಕ್ಸಿನಲ್ಲಿಯೂ ಉಂಟು. ಒಂದು ಯಂತ್ರಕ್ಕೆ ಒಮ್ಮೆ ಮಾಡಿದರೆ ಸಾಕು. ಅಷ್ಟೂ ಆಗದಿದ್ದರೆ ಬಂದವರಿಗೆ ಇನ್‌ಕಾಗ್ನಿಟೋ ಕಿಟಕಿಯನ್ನು ತೆರೆದುಕೊಡಬಹುದು. ಅದನ್ನು ಮುಚ್ಚಿದಾಗ ಅದರ ಕುಕೀಗಳು ಉಳಿಯುವುದಿಲ್ಲ. ನಾವು ನೋಡುವ ತಾಣಗಳಿಂದ ಅದು ನಮ್ಮನ್ನು ಮರೆಸುವುದಿಲ್ಲವೆಂಬುದು ಬೇರೆಯ ಮಾತು. ಮುಂದಿನ ಗಿರಾಕಿಯಿಂದ ಕಾಪಾಡುವ ಮಟ್ಟಿಗೆ ಅದು ಸಮರ್ಥ. ರಾಜ್ಯ ಸರಕಾರದ ಇ-ಆಡಳಿತ ಇಲಾಖೆ ಒಂದು ಸುತ್ತೋಲೆಯನ್ನು ಹೊರಡಿಸಿ, ಎಲ್ಲ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳ ಕಂಪ್ಯೂಟರುಗಳಲ್ಲಿ ಈ ಏರ್ಪಾಡನ್ನು ಕಡ್ಡಾಯಗೊಳಿಸಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಮಕ್ಕಳು ಕೂತು ಬಳಸುವ ಯಂತ್ರಗಳಲ್ಲಿ ಇದರೊಂದಿಗೆ ಮೂರನೆಯವರ ಕುಕೀಗಳ ತಡೆಯನ್ನೂ ಸೇರಿಸಲಿ. ಕಾಲೇಜುಗಳ ಪ್ರಯೋಗಾಲಯಗಳನ್ನು ನೋಡಿಕೊಳ್ಳುವವರೂ ಸೈಬರ್ ಸೆಂಟರುಗಳನ್ನು ನಡೆಸುವವರೂ ಸುತ್ತೋಲೆಗಾಗಿ ಕಾಯದೆ ಈ ಕೆಲಸವನ್ನು ಕೈಗೊಳ್ಳಲಿ. ಇದಕ್ಕೆ ಅನುದಾನ ಬೇಡ, ಹೊಸ ತಂತ್ರಾಂಶ ಬೇಡ, ಟೆಂಡರಿನ ಪ್ರಕ್ರಿಯೆಯೂ ಬೇಡ. ಒಂದು ಯಂತ್ರಕ್ಕೆ ಹಿಡಿಯುವ ಹೊತ್ತು ಎರಡು ನಿಮಿಷಕ್ಕೆ ಮೀರುವುದಿಲ್ಲ.